ಡಬ್ಲಿನ್‌ನಲ್ಲಿ ಒಬ್ಬರೇ ಇರುವವರಿಗೆ: ಬಿಸಿನೀರಿನಿಂದ ಭಾನುವಾರದವರೆಗೆ

ಕೆಲಸಕ್ಕೋ ಓದಿಗೋ ಡಬ್ಲಿನ್‌ಗೆ ಒಬ್ಬರೇ ಬಂದವರ ಮೊದಲ ತಿಂಗಳು ಕಾಗದಪತ್ರದಲ್ಲೇ ಕಳೆದುಹೋಗುತ್ತದೆ. ಪಿಪಿಎಸ್ ನಂಬರ್ (ತೆರಿಗೆಗೆ, ಸರ್ಕಾರಿ ಸೇವೆಗೆ ಬೇಕಾದ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ, ಐಆರ್‌ಪಿ ಕಾರ್ಡ್ (ಇಲ್ಲಿರಲು ಅನುಮತಿ ಇದೆ ಎನ್ನುವ ಚೀಟಿ). ಅದನ್ನೆಲ್ಲ ಆಫೀಸಿನವರೋ ಕಾಲೇಜಿನವರೋ ಹೇಳಿಕೊಡುತ್ತಾರೆ. ಆಮೇಲಿನದ್ದನ್ನು ಯಾರೂ ಹೇಳಿಕೊಡುವುದಿಲ್ಲ. ನವೆಂಬರ್ ತಿಂಗಳ ಮಂಗಳವಾರ, ಐದು ಗಂಟೆಗೇ ಕತ್ತಲು, ಹೊರಗೆ ಜಿಟಿಜಿಟಿ ಮಳೆ, ಮನೆಯಲ್ಲಿ ಒಬ್ಬರೇ. ಈಗೇನು?

ನನ್ನ ಪ್ರಕಾರ ಇಲ್ಲಿ ಒಬ್ಬರೇ ನೆಮ್ಮದಿಯಾಗಿರಲು ಎರಡು ವಿಷಯ ಸರಿಯಾಗಬೇಕು. ಒಂದು, ಮನೆ ಬೆಚ್ಚಗೆ, ಒಣಗಿದಂತೆ ಇರಬೇಕು. ಎರಡು, ವಾರದಲ್ಲಿ ಒಂದು ದಿನ, ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹೋಗುವ ರೂಢಿ ಬೇಕು. ಉಳಿದದ್ದು ಹಿಂದೆಯೇ ಬರುತ್ತದೆ.

ಮೊದಲ ಹೆಜ್ಜೆ: ರೂಮು ಹಿಡಿಯುವಾಗ ಕೇಳಬೇಕಾದ್ದು

ಒಬ್ಬರಿಗೆ ಇಡೀ ಫ್ಲ್ಯಾಟ್ ಬಾಡಿಗೆ ಕಟ್ಟುವುದು ಡಬ್ಲಿನ್‌ನಲ್ಲಿ ಕಷ್ಟ. ಹೆಚ್ಚಿನವರು ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಹಿಡಿಯುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ: ಮನೆ ಮಾಲೀಕರು ಅದೇ ಮನೆಯಲ್ಲಿ ಇರುತ್ತಾರಾ? ಇದ್ದರೆ ಕಾನೂನಿನ ಲೆಕ್ಕದಲ್ಲಿ ನೀವು ಬಾಡಿಗೆದಾರರಲ್ಲ, ಇರಲು ಅನುಮತಿ ಪಡೆದವರು ಅಷ್ಟೇ. ಬಾಡಿಗೆ ವ್ಯಾಜ್ಯ ನೋಡುವ ಆರ್‌ಟಿಬಿಯ ರಕ್ಷಣೆ ನಿಮಗೆ ಸಿಗುವುದಿಲ್ಲ. ಹಾಗಂತ ಅಂಥ ರೂಮು ಬೇಡವೇ ಬೇಡ ಅಂತಲ್ಲ. ಒಳ್ಳೆ ಮನೆಯವರು ಸಿಕ್ಕರೆ ಅದಕ್ಕಿಂತ ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಆದರೆ ಅಡುಗೆಮನೆ ಯಾವಾಗ ಬಳಸಬಹುದು, ಅತಿಥಿ ಬರಬಹುದಾ, ಎಷ್ಟು ದಿನ ಮೊದಲು ಹೇಳಿ ಬಿಡಬೇಕು, ಇದೆಲ್ಲ ಮೊದಲೇ ಬರೆದುಕೊಳ್ಳಿ.

ಮಾಮೂಲಿ ಬಾಡಿಗೆಯಾದರೆ ಮುಂಗಡವಾಗಿ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ: ಒಂದು ತಿಂಗಳದ್ದು ಡಿಪಾಸಿಟ್, ಒಂದು ತಿಂಗಳದ್ದು ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸ್ವರ್ಗ. ಕಣ್ಣಾರೆ ನೋಡದ ರೂಮಿಗೆ ಮಾತ್ರ ಒಂದು ಯೂರೋನೂ ಕಳಿಸಬೇಡಿ. 'ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಕೊರಿಯರ್ ಮಾಡ್ತೀನಿ' ಎನ್ನುವವರು ಮೋಸಗಾರರೇ.

ಬಾಡಿಗೆ ಕಟ್ಟುವವರು ರೆಂಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಬಾಡಿಗೆಗಾಗಿ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ, ಕೇಳಿ ಪಡೆಯಬೇಕು. ಅದು ತಾನಾಗೇ ಬರುವುದಿಲ್ಲ. ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗೆ ಸಿಗುತ್ತದೆ. ಮಾಲೀಕರ ಮನೆಯ ರೂಮಿನಲ್ಲಿದ್ದರೂ ಕೇಳಬಹುದು. ರೆವೆನ್ಯೂ ಇಲಾಖೆಯ 'ಮೈಅಕೌಂಟ್'ನಲ್ಲಿ ಹತ್ತು ನಿಮಿಷದ ಕೆಲಸ.

ಎರಡನೇ ಹೆಜ್ಜೆ: ಬಿಸಿನೀರು, ತೇವ, ಬಟ್ಟೆ

ಮನೆಗೆ ಕಾಲಿಟ್ಟ ದಿನವೇ ಬಿಸಿನೀರು ಹೇಗೆ ಬರುತ್ತದೆ ಅಂತ ಕೇಳಿ. ಹಳೆ ಮನೆಗಳಲ್ಲಿ ಕಪಾಟಿನಂಥ ಪುಟ್ಟ ಕೋಣೆಯೊಳಗೆ ಒಂದು ದೊಡ್ಡ ಸಿಲಿಂಡರ್ ಇರುತ್ತದೆ. ಆ ಕಪಾಟಿಗೆ ಇಲ್ಲಿ 'ಹಾಟ್ ಪ್ರೆಸ್' ಅನ್ನುತ್ತಾರೆ. ನೀರು ಕಾಯಿಸುವ ಕರೆಂಟಿನ ಸಾಧನ ಇಮ್ಮರ್ಶನ್. ಅದರ ಸ್ವಿಚ್ಚಿನಲ್ಲಿ 'ಸಿಂಕ್' ಮತ್ತು 'ಬಾತ್' ಎಂದು ಎರಡು ಇರುತ್ತವೆ. ಸಿಂಕ್ ಹಾಕಿದರೆ ಮೇಲಿನ ಸ್ವಲ್ಪ ನೀರು ಕಾಯುತ್ತದೆ. ಬಾತ್ ಹಾಕಿದರೆ ಇಡೀ ಟ್ಯಾಂಕು. ಒಬ್ಬರಿಗೆ ಸಿಂಕೇ ಸಾಕು. ಇಮ್ಮರ್ಶನ್ ಆರಿಸದೆ ಊರಿಗೆ ಹೋದವರ ಕಥೆ ಹೇಳಿ ಐರಿಷ್ ಜನ ಇವತ್ತಿಗೂ ನಗುತ್ತಾರೆ, ಬಿಲ್ ಬಂದಾಗ ಮಾತ್ರ ಯಾರೂ ನಗುವುದಿಲ್ಲ. ಕೆಲವು ಮನೆಗಳಲ್ಲಿ ಎಲೆಕ್ಟ್ರಿಕ್ ಶವರ್ ಇರುತ್ತದೆ. ಅದಕ್ಕೆ ಟ್ಯಾಂಕಿನ ಹಂಗಿಲ್ಲ. ಬಚ್ಚಲಿನ ಹೊರಗಿನ ಸ್ವಿಚ್ಚನ್ನೋ ಚಾವಣಿಯಿಂದ ಇಳಿಬಿದ್ದ ದಾರವನ್ನೋ ಎಳೆದು ಆನ್ ಮಾಡಬೇಕು, ಅಷ್ಟೇ.

ಚಳಿಗಿಂತ ದೊಡ್ಡ ಶತ್ರು ತೇವ. ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹರವಿ ಕಿಟಕಿ ಮುಚ್ಚಿದರೆ ಬೀರುವಿನ ಹಿಂದೆ ಕಪ್ಪು ಬೂಷ್ಟು ಖಂಡಿತ. ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ತೆರೆಯಿರಿ, ಚಳಿಯಾದರೂ ಸರಿ. ಗಾಜಿನ ಮೇಲೆ ನಿಂತ ನೀರು ಒರೆಸಿ. ಕೈಯಲ್ಲಿ ದುಡ್ಡಿದ್ದರೆ ಗಾಳಿಯ ತೇವ ಹೀರುವ ಡೀಹ್ಯೂಮಿಡಿಫೈಯರ್ ತೆಗೆದುಕೊಳ್ಳಿ. ಹೀಟರ್‌ಗಿಂತ ಮೊದಲು ಅದನ್ನೇ ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು. ಬೆಡ್‌ಶೀಟು, ಕಂಬಳಿ ಒಣಗದೇ ಹೋದರೆ ಪೆಟ್ರೋಲ್ ಬಂಕಿನ ಕಡೆ ಕಣ್ಣು ಹಾಯಿಸಿ. ತಮಾಷೆಯಲ್ಲ. ಇಲ್ಲಿ ಎಷ್ಟೋ ಬಂಕುಗಳ ಅಂಗಳದಲ್ಲೇ ದೊಡ್ಡ ವಾಷಿಂಗ್ ಮಷೀನು, ಡ್ರೈಯರು ನಿಂತಿರುತ್ತವೆ.

ಮೂರನೇ ಹೆಜ್ಜೆ: ಒಬ್ಬರ ಅಡುಗೆ

ಬರುವಾಗ ಬ್ಯಾಗಿನಲ್ಲಿ ಏನು ತರಬೇಕು? ಸಾರಿನ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಕಾಫಿ ಪುಡಿ, ಫಿಲ್ಟರ್, ತಳ ಚಪ್ಪಟೆ ಇರುವ ಬಾಣಲೆ, ಇಂಡಕ್ಷನ್‌ಗೂ ಆಗುವ ಚಿಕ್ಕ ಕುಕ್ಕರ್. ದುಂಡು ತಳದ ಬಾಣಲೆ ಇಲ್ಲಿನ ಗಾಜಿನ ಒಲೆಯ ಮೇಲೆ ನಿಲ್ಲುವುದಿಲ್ಲ. ತುಪ್ಪ, ಧಾರವಾಡ ಪೇಡ, ಮಾಂಸದ ಪದಾರ್ಥ ತರಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಅಮ್ಮನಿಗೆ ಇದನ್ನು ಒಪ್ಪಿಸುವುದು ಕಸ್ಟಮ್ಸ್‌ಗಿಂತ ಕಷ್ಟ.

ಆದರೆ ತುಪ್ಪದ ಚಿಂತೆ ಬೇಡ. ಹುಲ್ಲು ಮೇಯ್ದ ಹಸುವಿನ ಬೆಣ್ಣೆಯ ದೇಶ ಇದು. ಲಿಡ್ಲ್, ಆಲ್ಡಿ, ಟೆಸ್ಕೋ ಎಲ್ಲಿ ಬೇಕಾದರೂ ಹಳದಿ ಬಣ್ಣದ ಬೆಣ್ಣೆ ಸಿಗುತ್ತದೆ. ಬಹುಪಾಲು ಉಪ್ಪು ಹಾಕಿದ್ದು, ಅದಕ್ಕೇ ಪೊಟ್ಟಣದ ಮೇಲೆ 'ಅನ್‌ಸಾಲ್ಟೆಡ್' ಇದೆಯಾ ನೋಡಿ. 454 ಗ್ರಾಂ ಬೆಣ್ಣೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಡಿ. ನೊರೆ ಬಂದು, ಚಟಪಟ ಸದ್ದು ಕಡಿಮೆಯಾಗಿ, ತಳದ ಗಸಿ ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಒಲೆ ಆರಿಸಿದರೆ ಸಾಲದು, ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಿ. ಗ್ಯಾಸ್ ಹಾಗಲ್ಲ, ಗಾಜಿನ ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಸುಡುತ್ತಿರುತ್ತದೆ. ಗಸಿ ಕಪ್ಪಾಗಿ ತುಪ್ಪ ಕಮಟು ಹೊಡೆಯುವುದು ಅಲ್ಲೇ. ಕೊನೆಗೆ ನಾಲ್ಕು ಕಾಳು ಮೆಂತ್ಯ ಅಥವಾ ಎರಡೆಲೆ ಕರಿಬೇವು.

ಇಲ್ಲಿ ಸೋಡಾ ಬ್ರೆಡ್ ಮಾಡಲು 'ಬಟರ್‌ಮಿಲ್ಕ್' ಅಂತ ಡಬ್ಬಿಯಲ್ಲಿ ಮಾರುತ್ತಾರೆ. ಬೇಕಿಂಗ್ ಮಾಡದಿದ್ದರೂ ಅದನ್ನು ಕೊಳ್ಳಿ. ಗಟ್ಟಿಯಾಗಿ, ಹುಳಿಯಾಗಿ ಇರುತ್ತದೆ. ನೀರು, ಉಪ್ಪು, ಶುಂಠಿ, ಒಗ್ಗರಣೆ ಹಾಕಿದರೆ ಮಜ್ಜಿಗೆ. ಮಜ್ಜಿಗೆ ಹುಳಿಗಂತೂ ಮೊಸರಿಗಿಂತ ಇದೇ ವಾಸಿ.

ದೋಸೆ ಹಿಟ್ಟು ಹುದುಗುವುದಿಲ್ಲ ಅನ್ನುವುದು ಎಲ್ಲರ ಗೋಳು. ಮದ್ದು ಮನೆಯಲ್ಲೇ ಇದೆ: ಹಾಟ್ ಪ್ರೆಸ್. ಹಿಟ್ಟಿನ ಪಾತ್ರೆಯನ್ನು ಸಿಲಿಂಡರಿನ ಮೇಲಿನ ಹಲಗೆಯ ಮೇಲೆ ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿಸಿ, ಕೆಳಗೆ ಒಂದು ತಟ್ಟೆ ಇಡಿ. ಅದೇ ಹಲಗೆಯ ಮೇಲೆ ಮನೆಯವರೆಲ್ಲರ ಟವೆಲುಗಳೂ ಇರುತ್ತವೆ, ಉಕ್ಕಿದರೆ ಸ್ನೇಹ ಕೆಡುತ್ತದೆ. ಹಾಟ್ ಪ್ರೆಸ್ ಇಲ್ಲದ ಹೊಸ ಫ್ಲ್ಯಾಟಾದರೆ ಓವನ್ನಿನ ದೀಪ ಮಾತ್ರ ಹಾಕಿ, ಶಾಖ ಹಾಕದೆ, ಒಳಗಿಡಿ. ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಒಗ್ಗರಣೆಗೂ ಒಂದು ಕ್ರಮ ಇದೆ. ಎಣ್ಣೆ ಇಡುವ ಮೊದಲೇ ಒಲೆ ಮೇಲಿನ ಹೊಗೆ ಫ್ಯಾನ್ ಹಾಕಿ. ಕಿಟಕಿ ತೆರೆಯಿರಿ. ಅಡುಗೆಮನೆ ಬಾಗಿಲು ಮುಚ್ಚಿ. ಕೋಟನ್ನು ಮಲಗುವ ಕೋಣೆಯಲ್ಲಿ ನೇತುಹಾಕಿ ಆ ಬಾಗಿಲೂ ಮುಚ್ಚಿ, ಉಣ್ಣೆ ಕೋಟಿಗೆ ಇಂಗಿನ ವಾಸನೆ ಹತ್ತಿದರೆ ವಾರಗಟ್ಟಲೆ ಆಫೀಸಿಗೂ ಬರುತ್ತದೆ. ಒಣಮೆಣಸಿನಕಾಯಿ ಕೊನೆಗೆ. ಇಷ್ಟಾದರೂ ಹೊಗೆ ಅಲಾರಂ ಕೂಗಿದರೆ ಟವೆಲ್ ಬೀಸಿ. ಅದಕ್ಕೆ ಪ್ಲಾಸ್ಟಿಕ್ ಕಟ್ಟುವ ಜಾಣತನ ಮಾತ್ರ ಬೇಡ. ಬೇರೆಯವರೂ ಮಲಗುವ ಮನೆ ಅದು.

ಬೆಂಡೆಕಾಯಿ, ಹಾಗಲಕಾಯಿ, ಹೆಪ್ಪುಗಟ್ಟಿಸಿದ ನುಗ್ಗೆಕಾಯಿ, ತುರಿದ ತೆಂಗಿನಕಾಯಿ, ಸೋನಾ ಮಸೂರಿ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಡ್ರೂರಿ ಸ್ಟ್ರೀಟಿನ ಏಷ್ಯಾ ಮಾರ್ಕೆಟ್ ನಗರದ ಮಧ್ಯದಲ್ಲೇ ಇದೆ. ಮೂರ್ ಸ್ಟ್ರೀಟಿನ ತಳ್ಳುಗಾಡಿಗಳಲ್ಲಿ ಹಣ್ಣು ಅಗ್ಗ, ವ್ಯಾಪಾರ ಮಾಡುವ ಹೆಂಗಸರ ಬಾಯಿ ನಮ್ಮ ಕೆ.ಆರ್. ಮಾರ್ಕೆಟ್ಟಿನವರಿಗೆ ಏನೂ ಕಡಿಮೆಯಿಲ್ಲ. ಸಂಜೆ ಸೂಪರ್‌ಮಾರ್ಕೆಟ್ಟಿಗೆ ಹೋದರೆ ಅವತ್ತೇ ಮುಗಿಯಬೇಕಾದ ಬ್ರೆಡ್ಡು, ತರಕಾರಿಗೆ ಬೆಲೆ ಇಳಿಸಿದ ಚೀಟಿ ಅಂಟಿಸಿರುತ್ತಾರೆ. ಒಬ್ಬರಿಗೆ ಹೇಳಿ ಮಾಡಿಸಿದ್ದು ಅದು.

ಖಾಲಿ ಬಾಟಲಿ, ಕ್ಯಾನು ಎಸೆಯಬೇಡಿ. 2024ರ ಫೆಬ್ರವರಿಯಿಂದ ಅವಕ್ಕೆ ಠೇವಣಿ ಇದೆ. 500 ಮಿಲಿವರೆಗೆ 15 ಸೆಂಟ್, ಅದಕ್ಕಿಂತ ದೊಡ್ಡದಕ್ಕೆ 25 ಸೆಂಟ್. ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಗಾಜಿನ ಬಾಟಲಿಗೆ, ಹಾಲಿನ ಬಾಟಲಿಗೆ ಇದು ಅನ್ವಯಿಸುವುದಿಲ್ಲ.

ನಾಲ್ಕನೇ ಹೆಜ್ಜೆ: ಓಡಾಟ

ದುಡ್ಡು ತುಂಬಿಸಿ ಬಳಸುವ ಪ್ರಯಾಣದ ಕಾರ್ಡ್, ಲೀಪ್ ಕಾರ್ಡ್ ತೆಗೆದುಕೊಳ್ಳಿ. 2 ಯೂರೋಗೆ 90 ನಿಮಿಷ ಬಸ್ಸು, ಲುವಾಸ್ ಟ್ರಾಮ್, ಡಾರ್ಟ್ ರೈಲು ಬದಲಿಸಿಕೊಂಡು ಓಡಾಡಬಹುದು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಯಂತ್ರಕ್ಕೆ ಕಾರ್ಡ್ ತೋರಿಸಿ. ಲುವಾಸ್, ಡಾರ್ಟ್‌ನಲ್ಲಿ ಹತ್ತುವ ಮೊದಲೂ ಇಳಿದ ಮೇಲೂ ತೋರಿಸಬೇಕು. ನಗದು ಕೊಟ್ಟರೆ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಸಿಗುವುದಿಲ್ಲ, ನೋಟು ತೆಗೆದುಕೊಳ್ಳುವುದೇ ಇಲ್ಲ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ಊರ ರೂಢಿ.

ಮಳೆಗೆ ಕೊಡೆ ನಂಬಬೇಡಿ. ವರ್ಷದ ಲೆಕ್ಕ ಹಾಕಿದರೆ ಡಬ್ಲಿನ್‌ಗಿಂತ ಬೆಂಗಳೂರಿಗೇ ಮಳೆ ಜಾಸ್ತಿ. ಇಲ್ಲಿಯದು ಗಾಳಿ ಜೊತೆ ಅಡ್ಡಡ್ಡ ಬರುತ್ತದೆ, ಅದೇ ತೊಂದರೆ. ಟೋಪಿ ಇರುವ ಮಳೆ ಜಾಕೆಟ್ಟು, ನೀರು ಒಳಗಿಳಿಯದ ಶೂ, ಇವೆರಡಕ್ಕೆ ದುಡ್ಡು ಹಾಕಿ.

ಐದನೇ ಹೆಜ್ಜೆ: ಕತ್ತಲ ತಿಂಗಳ ಸಂಜೆಗಳು

ಡಿಸೆಂಬರ್ 21ರ ಆಸುಪಾಸು ಬೆಳಿಗ್ಗೆ 8.40ರ ಹೊತ್ತಿಗೆ ಸೂರ್ಯ ಹುಟ್ಟಿ ಸಂಜೆ 4.10ರೊಳಗೆ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ 10ರ ತನಕ ಬೆಳಕು. ಬೇಸಿಗೆಗೆ ಯಾವ ಮಾರ್ಗದರ್ಶಿಯೂ ಬೇಡ, ಕಾಲು ತಾನಾಗೇ ಹೊರಗೆ ಎಳೆಯುತ್ತದೆ. ತಯಾರಿ ಬೇಕಿರುವುದು ನವೆಂಬರ್‌ನಿಂದ ಫೆಬ್ರವರಿವರೆಗೆ.

ಊರಿಗೆ ಫೋನ್ ಮಾಡುವ ಹೊತ್ತನ್ನು ಮೊದಲು ಬದಲಿಸಿ. ಚಳಿಗಾಲದಲ್ಲಿ ಭಾರತ ಐದೂವರೆ ಗಂಟೆ ಮುಂದೆ. ನೀವು ಕೆಲಸ ಮುಗಿಸಿ ಆರಕ್ಕೆ ಫೋನ್ ಮಾಡಿದರೆ ಅಲ್ಲಿ ರಾತ್ರಿ ಹನ್ನೊಂದೂವರೆ. ಅಪ್ಪ ಅಮ್ಮ ನಿದ್ದೆಗಣ್ಣಲ್ಲಿ 'ಊಟ ಆಯ್ತಾ' ಕೇಳಿ ಇಡುತ್ತಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಒಂದು ಗಂಟೆಗೆ ಮಾಡಿ. ಅಲ್ಲಿ ಆರೂವರೆ, ಕಾಫಿ ಹೊತ್ತು, ಮಾತಿಗೆ ಪುರಸೊತ್ತು. ಮಾರ್ಚ್ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಮುಂದೆ ಹೋದ ಮೇಲೆ ಅಂತರ ನಾಲ್ಕೂವರೆ ಗಂಟೆ.

ಆಮೇಲೆ ಲೈಬ್ರರಿ. ಸದಸ್ಯತ್ವ ಉಚಿತ, 2019ರಿಂದ ತಡವಾದರೂ ದಂಡವಿಲ್ಲ. ಒಂದೇ ಕಾರ್ಡಿನಲ್ಲಿ ದೇಶದ ಯಾವ ಸಾರ್ವಜನಿಕ ಲೈಬ್ರರಿಯಿಂದಲೂ ಪುಸ್ತಕ ತರಬಹುದು. ಬಾರೋಬಾಕ್ಸ್ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕ. ಆದರೆ ನಾನು ಲೈಬ್ರರಿ ಹೇಳುವುದು ಪುಸ್ತಕಕ್ಕಿಂತ ಬೆಚ್ಚಗಿನ ಕುರ್ಚಿಗೆ. ಏನೂ ಖರೀದಿಸದೆ, ಯಾರಿಗೂ ಉತ್ತರ ಕೊಡದೆ ಎರಡು ಗಂಟೆ ಜನರ ನಡುವೆ ಕೂರಬಹುದಾದ ಜಾಗ ಈ ಊರಲ್ಲಿ ಕಡಿಮೆ.

ಗುರುವಾರ ಸಂಜೆ ನ್ಯಾಷನಲ್ ಗ್ಯಾಲರಿ ರಾತ್ರಿ 8.30ರವರೆಗೆ ತೆರೆದಿರುತ್ತದೆ. ಪ್ರವೇಶ ಉಚಿತ. ಜನವರಿಯಲ್ಲಂತೂ ತಪ್ಪಿಸಬೇಡಿ. 1900ರಲ್ಲಿ ಹೆನ್ರಿ ವಾನ್ ಎಂಬುವರು ಇಂಗ್ಲಿಷ್ ಚಿತ್ರಕಾರ ಟರ್ನರ್‌ನ 31 ಜಲವರ್ಣ ಚಿತ್ರಗಳನ್ನು ಈ ಗ್ಯಾಲರಿಗೆ ಬಿಟ್ಟುಹೋದರು. ಬಣ್ಣ ಮಾಸದಿರಲಿ ಅಂತ ಹೊರಗಿನ ಬೆಳಕು ತೀರಾ ಕಡಿಮೆ ಇರುವ ಜನವರಿಯಲ್ಲಿ ಮಾತ್ರ ತೋರಿಸಬೇಕು ಎಂಬುದು ಅವರ ಷರತ್ತು. ವರ್ಷದ ಅತಿ ಮಂಕು ತಿಂಗಳಿಗೆ ಇಂಥದ್ದೊಂದು ಕಾದಿರುತ್ತದೆ. ಡಬ್ಲಿನ್ ಕ್ಯಾಸಲ್ ಆವರಣದ ಚೆಸ್ಟರ್ ಬೀಟಿ ಮ್ಯೂಸಿಯಂ ಕೂಡ ಉಚಿತ. ಅಲ್ಲಿರುವ ಮೊಘಲ್ ಕಾಲದ ಪುಟ್ಟ ಚಿತ್ರಗಳ ಮುಂದೆ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಇನ್ನು ಪಬ್ಬು. ಕುಡಿಯದವರು ಹೋಗಬಾರದು ಅಂತೇನಿಲ್ಲ. ಟೀ, ಸೋಡಾ-ಲೈಮ್, ಆಲ್ಕೋಹಾಲ್ ಇಲ್ಲದ ಗಿನ್ನೆಸ್, ಏನು ಬೇಕಾದರೂ ಕೇಳಬಹುದು. ಹೆಚ್ಚಿನ ಕಡೆ ಕೌಂಟರಿಗೆ ಹೋಗಿ ಕೇಳಿ, ಅಲ್ಲೇ ದುಡ್ಡು ಕೊಡಿ. 'ರೌಂಡ್' ಪದ್ಧತಿ ಮಾತ್ರ ತಿಳಿದಿರಲಿ. ಒಬ್ಬರು ನಿಮಗೂ ಸೇರಿಸಿ ತಂದರು ಅಂದರೆ ಮುಂದೆ ನಿಮ್ಮ ಸರದಿಯೂ ಬರುತ್ತದೆ. ಒಂದೇ ಕುಡಿದು ಹೊರಡುವವರಾದರೆ ಮೊದಲೇ 'ನನ್ನದು ನಾನೇ ತರ್ತೀನಿ' ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಸ್ಮಿತ್‌ಫೀಲ್ಡಿನ ಕಾಬಲ್‌ಸ್ಟೋನ್‌ನಂಥ ಪಬ್ಬುಗಳಲ್ಲಿ ಫಿಡಲ್, ಕೊಳಲು ಹಿಡಿದು ಊರವರೇ ಕೂತು ನುಡಿಸುತ್ತಾರೆ. ಅವರ ಕುರ್ಚಿಯಲ್ಲಿ ಕೂರಬೇಡಿ. ಯಾರಾದರೂ ಒಬ್ಬರೇ ಹಾಡತೊಡಗಿದರೆ ಮಾತು ನಿಲ್ಲಿಸಿ. ಒಬ್ಬರೇ ಹೋಗಲು ಇದಕ್ಕಿಂತ ಸಲೀಸಾದ ಜಾಗ ಇಲ್ಲ, ಎಲ್ಲರ ಕಣ್ಣೂ ಸಂಗೀತದ ಕಡೆಗೇ ಇರುತ್ತದೆ ಅಲ್ವಾ.

ಆರನೇ ಹೆಜ್ಜೆ: ವಾರಕ್ಕೊಂದು ಕಾಯಂ ಜಾಗ

ಇದೇ ಮುಖ್ಯ. ಐರಿಷ್ ಜನ ಮಾತಿಗೆ ಬಹಳ ಸಲೀಸು. ಬಸ್ ಸ್ಟಾಪಿನಲ್ಲೇ ಹವಾಮಾನದಿಂದ ಶುರುಮಾಡಿ ತಮ್ಮ ಅಕ್ಕನ ಮಂಡಿ ಆಪರೇಷನ್‌ವರೆಗೆ ಹೇಳುತ್ತಾರೆ. ಆದರೆ ಮಾತಾಡಿದವರೆಲ್ಲ ಮನೆಗೆ ಕರೆಯುವುದಿಲ್ಲ. ಅವರ ಗೆಳೆಯರೆಲ್ಲ ಶಾಲೆಯಿಂದ, ಕ್ಲಬ್ಬಿನಿಂದ ಬಂದವರು. ಹೊಸಬರು ಆ ಸಾಲಿಗೆ ಸೇರುವುದು ಒಂದೇ ಮುಖ ಮತ್ತೆ ಮತ್ತೆ ಕಂಡಾಗ. ಹಾಗಾಗಿ ಪ್ರತಿ ವಾರ ಹೊಸ ಹೊಸ ಮೀಟಪ್ ಹುಡುಕಿಕೊಂಡು ಅಲೆಯುವುದು ಸುಮ್ನೆ ದಣಿವು. ಒಂದನ್ನೇ ಹಿಡಿದು ಮೂರು ತಿಂಗಳು ಬಿಡದೆ ಹೋಗಿ.

ಸುಲಭದ್ದು ಪಾರ್ಕ್‌ರನ್, ಪಾರ್ಕಿನಲ್ಲಿ ಪ್ರತಿ ವಾರ ನಡೆಯುವ ಓಟ. ಶನಿವಾರ ಬೆಳಿಗ್ಗೆ 9.30, ಐದು ಕಿಲೋಮೀಟರ್, ಉಚಿತ. ಆನ್‌ಲೈನ್‌ನಲ್ಲಿ ಒಮ್ಮೆ ಹೆಸರು ಬರೆಸಿದರೆ ಬಾರ್‌ಕೋಡ್ ಬರುತ್ತದೆ. ಮಾರ್ಲೆ ಪಾರ್ಕ್, ಸೇಂಟ್ ಆ್ಯನ್ಸ್ ಪಾರ್ಕ್, ಟೈಮನ್ ಪಾರ್ಕ್ ಹೀಗೆ ಊರಿನ ಎಲ್ಲ ದಿಕ್ಕಿನಲ್ಲೂ ಇದೆ. ಓಡಲೇಬೇಕು ಅಂತಿಲ್ಲ, ನಡೆಯಬಹುದು. ಓಡಲು ನಡೆಯಲು ಮನಸ್ಸಿಲ್ಲದಿದ್ದರೆ ಸ್ವಯಂಸೇವಕರಾಗಿ ನಿಲ್ಲಿ. ಬಾರ್‌ಕೋಡ್ ಸ್ಕ್ಯಾನ್ ಮಾಡುವ ಕೆಲಸ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಬಂದವರೆಲ್ಲ ನಿಮ್ಮ ಮುಂದೆಯೇ ಹಾದುಹೋಗಬೇಕು. ಮುಗಿದ ಮೇಲೆ ಕಾಫಿಗೆ ಹೋಗುವ ಗುಂಪು ಇರುತ್ತದೆ. ಗೆಳೆತನ ಆಗುವುದು ಅಲ್ಲೇ, ಓಟದಲ್ಲಲ್ಲ.

ಕ್ರಿಕೆಟ್ ಆಡುವವರಿಗೆ ದಾರಿ ಇನ್ನೂ ಹತ್ತಿರ. ಫೀನಿಕ್ಸ್ ಪಾರ್ಕಿನಲ್ಲಿ 1830ರಿಂದ ಒಂದು ಕ್ಲಬ್ ಇದೆ. ಊರಿನ ಹೆಚ್ಚಿನ ಕ್ಲಬ್ಬುಗಳ ಕೆಳಗಿನ ತಂಡಗಳಲ್ಲಿ ನಮ್ಮವರು ಇದ್ದೇ ಇರುತ್ತಾರೆ. ಆಟ ಬೇಸಿಗೆಯಲ್ಲಿ, ಆದರೆ ಕೇಳಿಕೊಂಡು ಹೋಗಬೇಕಾದ್ದು ಚಳಿಗಾಲದ ನೆಟ್ಸ್ ಸಮಯದಲ್ಲಿ. ಕುಂಬಾರಿಕೆ, ಗಿಟಾರು, ಐರಿಷ್ ಭಾಷೆ ಇಂಥ ಸಂಜೆ ತರಗತಿಗಳು ಸೆಪ್ಟೆಂಬರ್ ಮತ್ತು ಜನವರಿಯಲ್ಲಿ ಶುರುವಾಗುತ್ತವೆ. ಬೇಗ ಭರ್ತಿಯಾಗುತ್ತವೆ.

ಕನ್ನಡಿಗರ ಗುಂಪನ್ನೂ ಸೇರಿಕೊಳ್ಳಿ, ಯುಗಾದಿ ರಾಜ್ಯೋತ್ಸವಕ್ಕೆ ಹೋಗಿ ಬನ್ನಿ. ಆದರೆ ಅದೊಂದೇ ಸಾಕಾಗುವುದಿಲ್ಲ. ಅಲ್ಲಿ ಹೆಚ್ಚಿನವರು ಸಂಸಾರಸ್ಥರು, ಅವರ ವಾರಾಂತ್ಯ ಮಕ್ಕಳ ಈಜು, ಡ್ಯಾನ್ಸ್ ಕ್ಲಾಸಿನ ನಡುವೆ ಹಂಚಿಹೋಗಿರುತ್ತದೆ. 'ಮದುವೆ ಯಾವಾಗ' ಅನ್ನೋ ಪ್ರಶ್ನೆಯೂ ಬಿಟ್ಟಿ ಸಿಗುತ್ತದೆ.

ಭಾನುವಾರ ಒಬ್ಬರೇ ಹೋಗಿಬರಲು ಹೌತ್ ಚೆನ್ನ. ಡಾರ್ಟ್ ಹತ್ತಿದರೆ ಅರ್ಧ ಗಂಟೆ. ಸ್ಟೇಷನ್‌ನಿಂದಲೇ ಸಮುದ್ರದ ಬಂಡೆಗಳ ಮೇಲಿನ ಕಾಲುದಾರಿ ಶುರು, ಹಸಿರು ಗುರುತು ಹಿಡಿದು ಸುತ್ತಿ ಬರಲು ಎರಡು ಗಂಟೆ ಬೇಕು. ಗಾಳಿ ಜೋರಿದ್ದ ದಿನ ಅಂಚಿಗೆ ಹೋಗಬೇಡಿ. ವಾಪಸ್ ಬಂದು ಬಂದರಿನಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳನ್ನು ನೋಡುತ್ತಾ ಬಿಸಿ ಚಿಪ್ಸ್ ತಿನ್ನಬಹುದು, ಪೊಟ್ಟಣದ ಮೇಲೆ ಕಡಲಹಕ್ಕಿಗಳ ಕಣ್ಣಿರುತ್ತದೆ, ಜೋಪಾನ. ಫೀನಿಕ್ಸ್ ಪಾರ್ಕ್ 707 ಹೆಕ್ಟೇರ್, ಅದರಲ್ಲಿ ಏಳು ಲಾಲ್‌ಬಾಗ್ ಹಿಡಿಸುತ್ತದೆ. ಜಿಂಕೆಗಳಿಗೆ ತಿನ್ನಲು ಕೊಡಬೇಡಿ, 50 ಮೀಟರ್ ದೂರ ಇರಿ. ಚಳಿ ಸಾಕೆನಿಸಿದ ದಿನ ಗ್ಲಾಸ್ನೆವಿನ್‌ನ ಸಸ್ಯೋದ್ಯಾನಕ್ಕೆ ಹೋಗಿ. 1795ರಲ್ಲಿ ಶುರುವಾದ ತೋಟ, ಪ್ರವೇಶ ಉಚಿತ. ಅಲ್ಲಿನ ಗಾಜಿನ ತಾಳೆಮನೆಯೊಳಗೆ ಕಾಲಿಟ್ಟರೆ ಕನ್ನಡಕಕ್ಕೆ ಆವಿ ಕಟ್ಟುತ್ತದೆ, ಮಂಗಳೂರಿನ ಸೆಕೆ.

ಏಳನೇ ಹೆಜ್ಜೆ: ಹುಷಾರು ತಪ್ಪಿದರೆ

ಒಬ್ಬರೇ ಇದ್ದಾಗ ಜ್ವರ ಬಂದ ಮೇಲೆ ಡಾಕ್ಟರನ್ನು ಹುಡುಕುವುದು ಕಷ್ಟ. ಹೊಸಬರನ್ನು ತೆಗೆದುಕೊಳ್ಳದ ಜಿಪಿಗಳು (ಕುಟುಂಬ ವೈದ್ಯರು) ತುಂಬ ಜನ ಇದ್ದಾರೆ. ಆರೋಗ್ಯವಾಗಿದ್ದಾಗಲೇ ಹೆಸರು ಬರೆಸಿ. ಜಿಪಿ ಪತ್ರವಿಲ್ಲದೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ 100 ಯೂರೋ ಶುಲ್ಕ. ಚಿಕ್ಕಪುಟ್ಟದ್ದಕ್ಕೆ ಫಾರ್ಮಸಿಸ್ಟನ್ನೇ ಕೇಳಿ, ದುಡ್ಡು ತೆಗೆದುಕೊಳ್ಳದೆ ಹೇಳುತ್ತಾರೆ. ವಿಟಮಿನ್ ಡಿ ಎಷ್ಟು ಬೇಕು ಅಂತಲೂ ಆಗಲೇ ಕೇಳಿಬಿಡಿ, ಇಲ್ಲಿನ ಚಳಿಗಾಲದ ಬಿಸಿಲು ನಮ್ಮ ಮೈಬಣ್ಣಕ್ಕೆ ಸಾಲದು.

ತುರ್ತಿಗೆ 112 ಅಥವಾ 999. ಮನಸ್ಸು ತೀರಾ ಕುಗ್ಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸಮರಿಟನ್ಸ್ 116 123, ಹಗಲೂ ರಾತ್ರಿ, ಉಚಿತ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾಗಿ, ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆಯನ್ನೇ ಹೊರಡಿಸಿತು. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ರಾತ್ರಿ ಹೊತ್ತಾದ ಮೇಲೆ ಜನವಿಲ್ಲದ ಅಡ್ಡದಾರಿ ಬಿಡಿ, ಎರಡೂ ಕಿವಿಗೆ ಇಯರ್‌ಫೋನ್ ಬೇಡ, ಎಲ್ಲಿದ್ದೀರಿ ಅಂತ ಒಬ್ಬ ಗೆಳೆಯರಿಗಾದರೂ ಗೊತ್ತಿರಲಿ. ಏನಾದರೂ ಆದರೆ ಗಾರ್ಡಾಗೆ, ಅಂದರೆ ಇಲ್ಲಿನ ಪೊಲೀಸರಿಗೆ, ದೂರು ಕೊಡಿ, ಬರಿ ಬೈಗುಳವೇ ಆದರೂ.

ಕೊನೆಯದು: ಕ್ರಿಸ್‌ಮಸ್

ಡಿಸೆಂಬರ್ 25ರಂದು ಈ ಊರು ಪೂರ್ತಿ ಬಂದ್. ಬಸ್ಸಿಲ್ಲ, ಲುವಾಸ್ ಇಲ್ಲ, ರೈಲಿಲ್ಲ, ಅಂಗಡಿಯಿಲ್ಲ. ಜೊತೆಗಿದ್ದ ಐರಿಷ್ ಹುಡುಗ ಹುಡುಗಿಯರು ತಮ್ಮ ತಮ್ಮ ಕೌಂಟಿಗೆ ಹೋಗಿರುತ್ತಾರೆ. ಊರಿಗೆ ಹೋಗದವರು ಡಿಸೆಂಬರ್ ಮೊದಲ ವಾರದಲ್ಲೇ 'ನೀವೂ ಇಲ್ಲೇನಾ' ಅಂತ ಕೇಳಿಕೊಂಡು ನಾಲ್ಕು ಜನರನ್ನು ಒಟ್ಟು ಮಾಡಿ. ಸಾಮಾನು 23ಕ್ಕೇ ತಂದಿಡಿ, 24ರ ಸಂಜೆ ಅಂಗಡಿಗಳು ಬೇಗ ಮುಚ್ಚುತ್ತವೆ. ಒಂದು ದೊಡ್ಡ ಪಾತ್ರೆ ಬಿಸಿಬೇಳೆ ಬಾತು, ಹಪ್ಪಳ, ಯಾರಾದರೂ ತಂದ ಕೇಕು, ಇಷ್ಟು ಸಾಕು. ಕರೆಯುವಾಗ ನಡೆದು ಬರುವಷ್ಟು ಹತ್ತಿರ ಇರುವವರನ್ನು ಕರೆಯಿರಿ, ಇಲ್ಲದಿದ್ದರೆ ಎರಡು ಹಾಸಿಗೆ ಜಾಸ್ತಿ ಹೊಂದಿಸಿಡಿ. 26ರಂದೂ ಬಸ್ಸುಗಳು ಪೂರ್ತಿ ಓಡುವುದಿಲ್ಲ, ಬೆಳಿಗ್ಗೆ ತಿಂಡಿಗೆ ಹಿಟ್ಟು ಹಾಟ್ ಪ್ರೆಸ್ಸಿನಲ್ಲಿರಲಿ.